ಆರು ಜನರ ಸ್ವಿಂಗ್ ಬ್ಯಾಂಡ್, ಧಾರವಾಡದ ಹಾಲಿನಲ್ಲೇ ಆಲ್ಬಂ ರೆಕಾರ್ಡಿಂಗ್: ತಯಾರಿ ಹೇಗೆ?

ನಾಲ್ಕೇಟು_ಧಾರವಾಡ ಕೇಳಿದ್ದು:

ನಮ್ಮಲ್ಲಿ ಕ್ಲಾರಿನೆಟ್, ಟ್ರಂಪೆಟ್, ಗಿಟಾರ್, ಬಾಸ್, ಡ್ರಮ್ಸ್ ಇದೆ, ಒಬ್ಬ ಗಾಯಕಿ ಇದ್ದಾರೆ. ನುಡಿಸುವುದು 1930ರ ದಶಕದ, ಕಾಲು ಕುಣಿಸುವ ಸ್ವಿಂಗ್ ಜಾಝ್. ಆಮೇಲಿನ ಜಾಝ್ ಬಗೆಗಳಾದ ಬೆಬಾಪ್ ಅಲ್ಲ, ಫ್ಯೂಷನ್ ಅಲ್ಲವೇ ಅಲ್ಲ. ಹತ್ತು ಟ್ಯೂನು ಆರಿಸಿಕೊಂಡಿದ್ದೇವೆ: ಆರು ಹಳೆಯ, ಎಲ್ಲ ಜಾಝ್ ಬ್ಯಾಂಡುಗಳೂ ನುಡಿಸುವ ಅಮೆರಿಕನ್ ಸ್ಟ್ಯಾಂಡರ್ಡ್‌ಗಳು, ಎರಡು ಸ್ವಂತ ರಚನೆ, ಇನ್ನೆರಡಕ್ಕೆ ಕನ್ನಡ ಸಾಹಿತ್ಯ ಕೂಡಿಸುವ ಯೋಚನೆ. ಒಟ್ಟು 40 ನಿಮಿಷ ದಾಟಬಾರದು.

ಕ್ಲಾರಿನೆಟ್, ಟ್ರಂಪೆಟ್ ಇಬ್ಬರೂ ಹುಬ್ಬಳ್ಳಿಯ ಮದುವೆ ಬ್ಯಾಂಡಿನವರು, ಊದುವ ತಾಕತ್ತಿಗೆ ಕೊರತೆ ಇಲ್ಲ. ಡ್ರಮ್ಮರ್ ಮೂಲತಃ ತಬಲಾದವರು. ಗಾಯಕಿ ಹಿಂದೂಸ್ತಾನಿ ಕಲಿತವರು, ಕರಿ ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯೇ ಷಡ್ಜ) ಹಾಡುತ್ತಾರೆ. ಡಬಲ್ ಬಾಸ್ ಇಲ್ಲ, ಬಾಸ್ ಗಿಟಾರ್ ಇದೆ. ಗಿಟಾರ್ ಮಾತ್ರ ಎಫ್-ಹೋಲ್ ಇರುವ ಆರ್ಚ್‌ಟಾಪ್.

ಜಾಗ ಧಾರವಾಡದ ಒಂದು ಹಳೆಯ ಹಾಲು: 40 ಅಡಿ ಉದ್ದ, 25 ಅಡಿ ಅಗಲ, 14 ಅಡಿ ಎತ್ತರ, ಕಲ್ಲಿನ ನೆಲ. ಮೂಲೆಯಲ್ಲಿ ಒಂದು ಹಳೆಯ ಅಪ್‌ರೈಟ್ ಪಿಯಾನೋ ಇದೆ. ರಸ್ತೆಯಿಂದ ಒಳಗಿದ್ದರೂ ಚಿಗರಿ ಬಸ್ಸಿನ ಹಾರ್ನ್ ಸಣ್ಣಗೆ ಕೇಳುತ್ತದೆ. ಸಾಮಾನು: ಮೈಕುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ 8 ಇನ್‌ಪುಟ್‌ಗಳ ಇಂಟರ್‌ಫೇಸ್, ಒಂದೇ ಜಾತಿಯ ಎರಡು ಸಣ್ಣ ಕಂಡೆನ್ಸರ್ ಮೈಕು, ಒಂದು ದೊಡ್ಡ ಕಂಡೆನ್ಸರ್, ನಾಲ್ಕು ಡೈನಮಿಕ್, ಒಂದು ರಿಬ್ಬನ್.

ಎಲ್ಲರೂ ಕೂಡಿ ರೆಕಾರ್ಡ್ ಮಾಡಬೇಕೋ, ಒಬ್ಬೊಬ್ಬರಾಗಿಯೋ? ಕ್ಲಿಕ್ (ಕಿವಿಯಲ್ಲಿ ಕೇಳಿಸುವ ಮೆಟ್ರೋನೋಮಿನ ಬಡಿತ) ಬೇಕೋ ಬೇಡವೋ? ಯಾವ ತಿಂಗಳು ಸೂಕ್ತ? ಬಾಸ್ ಗಿಟಾರಿನಲ್ಲೇ ನಡೆಯುತ್ತದೆಯೇ? ಆ ಪಿಯಾನೋ ಬಳಸಬಹುದೇ? ಹಳೆಯ ಟ್ಯೂನುಗಳ ಹಕ್ಕಿನ ಕಥೆ ಏನು? ತಿಳಿದವರು ಹೇಳಿ.

ಕೌದಿ_ಅಕೌಸ್ಟಿಕ್ಸ್:

ಎಲ್ಲಾರೂ ಕೂಡೇ ಬಾರಸ್ರಿ. ಗಿಟಾರು, ಬಾಸು, ಡ್ರಮ್ಮು ಮೂರೂ ಒಂದ ಉಸಿರಿನ್ಯಾಗ ನಡದ್ರನ ಸ್ವಿಂಗ್ ಆಗೋದು. ಬ್ಯಾರೆ ಬ್ಯಾರೆ ಹಿಡದು ಆಮ್ಯಾಲ ಜೋಡಸ್ತೀನಿ ಅಂದ್ರ ತಾಳ ಕೂಡತೈತಿ, ನಡಿಗಿ ಕೂಡೂದಿಲ್ಲ.

ಮೊದಲ ಹಾಲಿನ ಮಾತು. ನಡುವ ನಿಂತು ಒಂದು ಚಪ್ಪಾಳಿ ಹೊಡೀರಿ. 'ಟರ್ರ್' ಅಂತ ಉದ್ದಕ ಎಳದಂಗ ಕೇಳಿಸಿದ್ರ ಎರಡು ಉದ್ದನ ಗ್ವಾಡಿ ಒಂದಕ್ಕೊಂದು ಸದ್ದು ಎಸದಾಡಾಕತ್ತಾವು ಅಂತ ತಿಳೀರಿ. ಎರಡೂ ಕಡೆ ಮುಚ್ಚೂದು ಬ್ಯಾಡ, ಒಂದ ಗ್ವಾಡಿಗಿ ದಪ್ಪ ಕೌದಿ ಇಳಿಬಿಟ್ರ ಸಾಕು. ಗ್ವಾಡಿಗಿ ಅಂಟಿಸಬ್ಯಾಡ್ರಿ, ಅರ್ಧ ಅಡಿ ಬಿಟ್ಟು ಹಗ್ಗಕ್ಕ ಹಾಕ್ರಿ. ಅಂಟಿಸಿದ ಕೌದಿ ಸಿಂಬಲ್ಲಿನ ಚುರುಕಷ್ಟ ತಿಂತದ, ಬಿಟ್ಟು ಹಾಕಿದ್ದು ಕ್ಲಾರಿನೆಟ್ಟಿನ ನಡುಸ್ವರದ ತನಕ ಕೆಲಸ ಮಾಡತದ. ಡ್ರಮ್ಮಿನ ಕೆಳಗ ನವಲಗುಂದ ಜಮಖಾನಿ ಹಾಸ್ರಿ, ಅದು ತೆಳ್ಳಗ ಇರೂದರಿಂದ ಎರಡು ಪದರ ಬೇಕು. ಇಡೀ ಹಾಲಿಗಿ ಹಾಸಬ್ಯಾಡ್ರಿ. ಕಲ್ಲಿನ ನೆಲ ಒಂದೀಟು ಬಿಟ್ರನ ಕ್ಲಾರಿನೆಟ್ಟಿಗಿ ಜೀವ. 14 ಅಡಿ ಎತ್ತರ ಐತಿ ಅಂದ್ರ ನಿಮಗ ದೊಡ್ಡ ಲಾಟರಿ ಹೊಡದಂಗ. ಕಲ್ಯಾಣ ಮಂಟಪದ ಟೈಲ್ಸಿನ್ಯಾಗ ಈ ಕೆಲಸ ಆಗತಿದ್ದಿಲ್ಲ.

ಬ್ಯಾಂಡನ್ನ ಹಾಲಿನ ನಟ್ಟನಡುವ ನಿಲ್ಲಿಸಬ್ಯಾಡ್ರಿ, ಅಲ್ಲಿ ಕೆಲವು ಬಾಸ್ ಸ್ವರ ಮಾಯ ಆಗತಾವು. ಉದ್ದದಾಗ ಮೂರನೇ ಒಂದು ಭಾಗಕ್ಕ ಬರ್ರಿ. ಎರಡು ಸಣ್ಣ ಕಂಡೆನ್ಸರ್ 17 ಸೆಂ.ಮೀ. ಅಂತರ, 110 ಡಿಗ್ರಿ ಕೋನಕ್ಕ ಒಂದ ಸ್ಟ್ಯಾಂಡಿನ ಮ್ಯಾಲ, ಆರೂವರಿ ಅಡಿ ಎತ್ತರಕ್ಕ ಇಡ್ರಿ. ಆಲ್ಬಮ್ಮಿನ ಮುಕ್ಕಾಲು ಪಾಲು ಸದ್ದು ಈ ಜೋಡಿಯಿಂದನ ಬರಬೇಕು. ಇದರ ಮುಂದ ಅರ್ಧಚಂದ್ರ: ಬಾಸ್ ನಡುವ 2 ಮೀಟರಿಗೆ, ಅದಕ್ಕ ಹತ್ತಿಕೊಂಡ ಗಿಟಾರು ಸವಾ ಮೀಟರಿಗೆ, ಡ್ರಮ್ಸ್ ಎಡಕ್ಕ ಹಿಂದ 3 ಮೀಟರ್, ಕ್ಲಾರಿನೆಟ್ ಬಲಕ್ಕ ಒಂದೂವರಿ ಮೀಟರ್, ಟ್ರಂಪೆಟ್ ಬಲಕ್ಕ ಹಿಂದ 3 ಮೀಟರ್. ಯಾರ ನಡುವನೂ 4 ಮೀಟರಿಗಿಂತ ಹೆಚ್ಚು ಅಂತರ ಆಗಬಾರದು. ಸದ್ದು ಒಂದು ಮೀಟರ್ ದಾಟಾಕ ಸುಮಾರು 3 ಮಿಲಿಸೆಕೆಂಡ್ ತಗೋತದ. 6 ಮೀಟರ್ ಅಂದ್ರ 18 ಆತು. ಟ್ರಂಪೆಟ್ಟಿನವರಿಗಿ ಡ್ರಮ್ಮು ಜಗ್ಗಿದಂಗ, ಡ್ರಮ್ಮಿನವರಿಗಿ ಟ್ರಂಪೆಟ್ ಜಗ್ಗಿದಂಗ. ಒಬ್ಬರಿಗೊಬ್ಬರು ಕಾಯತಾ ಟೆಂಪೋ ಇಳೀತದ.

ಉಳಿದ ಆರು ಇನ್‌ಪುಟ್ಟು: ದೊಡ್ಡ ಕಂಡೆನ್ಸರ್ ಗಾಯಕಿಗಿ ಕೊಡಬೇಕು ಅಂತ ಎಲ್ಲಾರಿಗೂ ಅನಸತದ. ಕೊಡಬ್ಯಾಡ್ರಿ, ಗಿಟಾರಿಗಿ ಕೊಡ್ರಿ. ಆರರೊಳಗ ಅತೀ ಸಣ್ಣ ದನಿ ಅದರದ. ಡೈನಮಿಕ್ ಹಚ್ಚಿದ್ರ ಗೇನ್ ಏರಿಸಿ ಏರಿಸಿ ಕಡೀಕ ಡ್ರಮ್ಮ ಕೇಳತದ. ಎಫ್-ಹೋಲಿನ ನೇರಕ್ಕ ಅಲ್ಲ, ಕುತ್ತಿಗಿ ಒಡಲಿಗಿ ಕೂಡೂ ಕಡೆ, 20 ಸೆಂ.ಮೀ. ದೂರ. ಗಾಯಕಿ ಬ್ಯಾಂಡಿಗಿ ಎದುರು ಮುಖ ಮಾಡಿ ನಿಲ್ಲಲಿ, ಡೈನಮಿಕ್ ಮೈಕು ಬಾಯಿಂದ ನಾಲ್ಕು ಬಟ್ಟು. ಆಗ ಮೈಕಿನ ಬೆನ್ನು ಡ್ರಮ್ಮಿಗಿ ಬರತದ, ಬೆನ್ನ ಕಡೆ ಅದಕ್ಕ ಕಿವಿನ ಇಲ್ಲ. ರಿಬ್ಬನ್ ಟ್ರಂಪೆಟ್ಟಿಗಿ, ಒಂದು ಮೀಟರ್ ದೂರ, ಬೆಲ್ಲಿನ ನೇರಕ್ಕ ಬ್ಯಾಡ, ಒಂದೀಟು ಓರೆ. ರಿಬ್ಬನ್ನಿಗಿ ಎರಡೂ ಮಗ್ಗಲು ಕಿವುಡು, ಹಿಂದ ಮುಂದ ಎರಡೂ ಕಡೆ ಕೇಳತದ. ಅದಕ್ಕ ಮಗ್ಗಲು ಡ್ರಮ್ಮಿಗಿ ತಿರುವಿ, ಹಿಂದ ಒಂದು ಕೌದಿ. ಇನ್ನು ಮೂರು ಡೈನಮಿಕ್: ಕ್ಲಾರಿನೆಟ್, ಬಾಸ್, ಬಾಸ್ ಡ್ರಮ್. ಕ್ಲಾರಿನೆಟ್ಟಿನ ಕೆಳತುದಿಯ ಅಗಲ ಬಾಯಿಗಿ ಮೈಕ್ ಹಿಡಿಯೂದು ಮದುವಿ ಮಂಟಪದ ರೂಢಿ. ತೀರಾ ಕೆಳಗಿನ ಸ್ವರ ಬಿಟ್ರ ಉಳಿದದ್ದೆಲ್ಲಾ ಹೊರಗ ಬರೋದು ನಡುವಿನ ತೂತಿನಿಂದ. 40 ಸೆಂ.ಮೀ. ದೂರದಿಂದ ಎರಡೂ ಕೈ ನಡುವಿಗಿ ಗುರಿ ಇಡ್ರಿ.

ಒಂದು ಎಚ್ಚರ: ಎಂಟು ಇನ್‌ಪುಟ್ಟಿನ ಬಹಳಷ್ಟು ಇಂಟರ್‌ಫೇಸಿನ್ಯಾಗ ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗಿ ಕೇಬಲ್ಲಿನ್ಯಾಗ ಹೋಗೂ ಕರೆಂಟು) ನಾಲ್ಕು ನಾಲ್ಕರ ಗುಂಪಿಗಿ ಒಂದ ಸ್ವಿಚ್ಚು. ಮೂರು ಕಂಡೆನ್ಸರ್ ಮೊದಲ ಗುಂಪಿನ್ಯಾಗ, ರಿಬ್ಬನ್ ಎರಡನೇ ಗುಂಪಿನ್ಯಾಗ ಇರಲಿ. ಕೇಬಲ್ಲು ಕೆಟ್ಟಿದ್ರ ಫ್ಯಾಂಟಮ್ಮಿನಿಂದ ರಿಬ್ಬನ್ ಹರೀತದ. ಅದನ್ನ ಊದಿ ಟೆಸ್ಟ್ ಮಾಡೂದೂ ಬ್ಯಾಡ.

ಹೆಡ್‌ಫೋನ್ ಯಾರಿಗೂ ಕೊಡಬ್ಯಾಡ್ರಿ. ಗಿಟಾರು ಕೇಳವಲ್ದು ಅಂದ್ರ ನೀವು ಜೋರ್ ಬಾರಸಾಕತ್ತೀರಿ ಅಂತ ಅರ್ಥ.

ಬೀಟ್_ಎರಡು_ನಾಲ್ಕು:

ಮೇಲಿನವರು ಜಾಗದ ಬಗ್ಗೆ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ತಾಳದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಬ್ಯಾಂಡಿನ ನಿಜವಾದ ತೊಂದರೆ ಅಲ್ಲಿ ಬರಲಿದೆ.

ತಬಲಾ ಕಲಿತ ಕೈಗೆ, ಹಿಂದೂಸ್ತಾನಿ ಕಲಿತ ಕಂಠಕ್ಕೆ ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಬಂದು ನಿಲ್ಲುವುದು ರಕ್ತಗತ. ಸ್ವಿಂಗಿನಲ್ಲಿ ಒಂದನೇ ಮಾತ್ರೆಗೆ ಅಂಥ ಮರ್ಯಾದೆ ಇಲ್ಲ. ಒತ್ತು ಎರಡು ಮತ್ತು ನಾಲ್ಕರ ಮೇಲೆ. ಪ್ರತಿ ಬಾರಿನ (ನಾಲ್ಕು ಮಾತ್ರೆಯ ಸುತ್ತಿನ) ಒಂದನೇ ಮಾತ್ರೆಗೆ ಡ್ರಮ್ಮರ್ ಗುದ್ದಿದರೆ ಸಂಗೀತ ಕವಾಯತು ಆಗುತ್ತದೆ. ಇದಕ್ಕೆ ಮದ್ದು: ಟ್ಯೂನು 160 ಬಿಪಿಎಂ (ನಿಮಿಷಕ್ಕೆ 160 ಮಾತ್ರೆ) ಇದ್ದರೆ ಮೆಟ್ರೋನೋಮನ್ನು 80ಕ್ಕೆ ಇಟ್ಟು, ಆ ಬಡಿತವನ್ನು ಎರಡು-ನಾಲ್ಕು ಎಂದು ಎಣಿಸಿಕೊಂಡು ಇಡೀ ಬ್ಯಾಂಡ್ ಅಭ್ಯಾಸ ಮಾಡಬೇಕು. ಮೊದಲ ವಾರ ಎಲ್ಲರೂ ಜಾರಿ ಬೀಳುತ್ತಾರೆ. ಗೊತ್ತೇ ಆಗದಂತೆ ಬಡಿತ ಒಂದು-ಮೂರಕ್ಕೆ ಸರಿದಿರುತ್ತದೆ. ಅದು ನಿಂತ ಮೇಲೆ ಮೆಟ್ರೋನೋಮನ್ನು 40ಕ್ಕೆ ಇಳಿಸಿ, ನಾಲ್ಕನೇ ಮಾತ್ರೆ ಮಾತ್ರ ಬಡಿಯಲಿ. ಇಷ್ಟು ಸಾಧಿಸಿದ ಬ್ಯಾಂಡಿಗೆ ರೆಕಾರ್ಡಿಂಗಿನಲ್ಲಿ ಕ್ಲಿಕ್ ಬೇಡ. ಸಾಧಿಸದ ಬ್ಯಾಂಡಿಗೆ ಕ್ಲಿಕ್ ಹಾಕಿದರೂ ಉಪಯೋಗ ಇಲ್ಲ.

ಡ್ರಮ್ಸ್: ಹೈ-ಹ್ಯಾಟ್ ಎರಡು-ನಾಲ್ಕಕ್ಕೆ ಚುಟುಕಾಗಿ ಮುಚ್ಚಬೇಕು. ಬಾಸ್ ಡ್ರಮ್ ನಾಲ್ಕೂ ಮಾತ್ರೆಗೆ, ಆದರೆ ಸವರಿದಷ್ಟು ಮೆಲ್ಲಗೆ. ಅದು ಬೇರೆಯಾಗಿ ಕೇಳಬಾರದು, ನಿಂತಾಗ ಮಾತ್ರ ಏನೋ ಹೋಯಿತು ಅನ್ನಿಸಬೇಕು. ಮುಂದಿನ ಚರ್ಮಕ್ಕೆ ತೂತು ಬೇಡ, ಒಳಗೆ ದಿಂಬು ತುರುಕುವುದೂ ಬೇಡ. ಹಾಡಿರುವ ಟ್ಯೂನುಗಳಿಗೆ ಬ್ರಷ್. ಗಿಟಾರ್ ಮಾತ್ರೆಗೊಂದು ಹೊಡೆತ, ಮೂರೇ ಸ್ವರದ ಕಾರ್ಡು (6, 4, 3ನೇ ತಂತಿ ಸಾಕು), ಹೊಡೆದ ತಕ್ಷಣ ಎಡಗೈ ಸಡಿಲ. ಕೌಂಟ್ ಬೇಸಿ ಬ್ಯಾಂಡಿಗೆ 1937ರಲ್ಲಿ ಸೇರಿದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ ದಶಕಗಟ್ಟಲೆ ಮಾಡಿದ್ದು ಹೆಚ್ಚುಕಡಿಮೆ ಇಷ್ಟೇ. ಸೋಲೋ ಬಾರಿಸಿದ್ದೇ ಅಪರೂಪ.

ಎಂಟನೇ ಸ್ವರಗಳ ಉದ್ದ-ಗಿಡ್ಡ ಒಂದೇ ಅಳತೆಯದ್ದಲ್ಲ. ಮಧ್ಯಲಯದಲ್ಲಿ ಸುಮಾರು 2:1. ಲಯ ಏರಿದಂತೆ ಎರಡೂ ಸಮಸಮ ಆಗುತ್ತ ಹೋಗುತ್ತವೆ. 220ರಲ್ಲೂ 2:1 ಹಿಡಿದು ಕೂತರೆ ಕುಂಟುತ್ತದೆ. ಕನ್ನಡ ಸಾಹಿತ್ಯ ಹಾಕುವಾಗ ಇದನ್ನು ಬಳಸಿಕೊಳ್ಳಿ: ಛಂದಸ್ಸಿನ ಲೆಕ್ಕದಲ್ಲಿ ಗುರು ಎರಡು ಮಾತ್ರೆ, ಲಘು ಒಂದು ಮಾತ್ರೆ. ಗುರು-ಲಘು, ಗುರು-ಲಘು ಎಂದು ಬರುವ ಮೂರು ಮಾತ್ರೆಯ ಗಣದ ಸಾಲು, ಅಂದರೆ ಉತ್ಸಾಹ ರಗಳೆಯ ನಡೆ, ಮಧ್ಯಲಯದ ಸ್ವಿಂಗಿನ ಮೇಲೆ ತಾನೇ ಕೂರುತ್ತದೆ. ನಾಲ್ಕು ಮಾತ್ರೆಯ ಗಣದ ಸಾಲನ್ನು ಹಾಗೇ ಹೇರಿದರೆ ಲಘುವಿದ್ದಲ್ಲಿ ಎಳೆತ, ಗುರುವಿದ್ದಲ್ಲಿ ಮೊಟಕು. ಕನ್ನಡ ಬಲ್ಲವರ ಕಿವಿಗೆ ಕೂಡಲೇ ಚುಚ್ಚುತ್ತದೆ. ಅಂಥ ಸಾಲನ್ನು ಬಾರಿನ ಆಚೀಚೆ ಸರಿಸಿ ಹಾಡಬೇಕು, ಇಲ್ಲವೇ ಬೇರೆ ಸಾಲು ಬರೆಯಬೇಕು.

ಉದ್ದದ ಲೆಕ್ಕ ಈಗಲೇ ಹಾಕಿ. ಎ-ಎ-ಬಿ-ಎ ಕಟ್ಟಿನ 32 ಬಾರು ಅಂದರೆ 128 ಮಾತ್ರೆ. 160ರಲ್ಲಿ ಒಂದು ಕೋರಸ್ (ಟ್ಯೂನಿನ ಒಂದು ಪೂರ್ತಿ ಸುತ್ತು) 48 ಸೆಕೆಂಡು, 120ರಲ್ಲಿ 64, 200ರಲ್ಲಿ 38 ಚಿಲ್ಲರೆ. ಹತ್ತು ಟ್ಯೂನು 40 ನಿಮಿಷದೊಳಗೆ ಬೇಕೆಂದರೆ 160ರ ಟ್ಯೂನಿಗೆ ಐದೇ ಕೋರಸ್: ಮೊದಲೊಂದು ಮೂಲ ಧಾಟಿ, ಕೊನೆಗೊಂದು, ನಡುವೆ ಮೂರರಲ್ಲಿ ಎಲ್ಲರ ಸೋಲೋ. ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷವಷ್ಟೇ ಹಿಡಿಸುತ್ತಿತ್ತು, ಆಗಿನವರು ಅದರಲ್ಲೇ ಎಲ್ಲ ಹೇಳಿ ಮುಗಿಸಿದರು. ಸೋಲೋಗೆ ಕೋರಸ್ ಹಂಚುವಾಗ ದಾಕ್ಷಿಣ್ಯ ಬೇಡ. ಬಾಸ್ ಸೋಲೋ ಪ್ರತಿ ಟ್ಯೂನಿಗೂ ಬೇಕಿಲ್ಲ.

ಟ್ರ್ಯಾಕ್_ಬೈ_ಟ್ರ್ಯಾಕ್:

ಎಲ್ಲರೂ 'ಕೂಡಿ ಬಾರಿಸಿ' ಅನ್ನುವುದು ಕೇಳಲು ಚಂದ. ಕ್ಲಾರಿನೆಟ್ ಮೈಕಿನಲ್ಲಿ ಡ್ರಮ್ಸ್ ಇರುತ್ತದೆ, ಟ್ರಂಪೆಟ್ ಎಲ್ಲರ ಮೈಕಿನಲ್ಲೂ ಇರುತ್ತದೆ. ಐದನೇ ಟೇಕಿನಲ್ಲಿ ಎಲ್ಲ ಸರಿ ಬಂದು ಟ್ರಂಪೆಟ್ ಒಂದು ಸ್ವರ ಒಡೆದರೆ ಆ ಸ್ವರ ತೆಗೆಯಲು ಬರುವುದಿಲ್ಲ, ಇಡೀ ಟೇಕು ಹೋಯಿತು. ಮದುವೆ ಬ್ಯಾಂಡಿನವರನ್ನು ಎರಡು ದಿನ ಒಂದೇ ಕಡೆ ಹಿಡಿದಿಡುವುದು ಎಷ್ಟು ಕಷ್ಟ ಅನ್ನುವುದೂ ಗೊತ್ತಿರಲಿ. ಗಿಟಾರ್, ಬಾಸ್, ಡ್ರಮ್ಸ್ ಮೂರನ್ನು ಕೂಡಿ ಹಿಡಿಯಿರಿ, ಊದುವವರನ್ನು, ಗಾಯಕಿಯನ್ನು ಆಮೇಲೆ ಒಬ್ಬೊಬ್ಬರಾಗಿ ಸೇರಿಸಿ. ಪ್ರತಿ ವಾದ್ಯವೂ ಶುದ್ಧವಾಗಿ ಸಿಗುತ್ತದೆ, ಮಿಕ್ಸಿಂಗ್ ಸುಲಭ.

ಬೀಟ್_ಎರಡು_ನಾಲ್ಕು:

ಸ್ವರ ಒಡೆಯುವ ಭಯ ನಿಜ. ಆದರೆ ಕ್ಲಾರಿನೆಟ್ ಸೋಲೋ ಇನ್ನೂ ಹುಟ್ಟಿಯೇ ಇಲ್ಲದಾಗ ಡ್ರಮ್ಮರ್ ಯಾರ ಮಾತಿಗೆ ಉತ್ತರ ಕೊಡಬೇಕು? ಖಾಲಿ ಹಾಲಿಗೆ ಬಾರಿಸಿದ ಮೂವರು ಒಂದೋ ಯಂತ್ರದಂತೆ ನಡೆಯುತ್ತಾರೆ, ಇಲ್ಲವೇ ಎಲ್ಲಿ ಬೇಕೋ ಅಲ್ಲಿ ಗಲಾಟೆ ಮಾಡುತ್ತಾರೆ. ಆಮೇಲೆ ಬಂದ ಟ್ರಂಪೆಟ್ ಆ ಗಲಾಟೆಯ ಸಂದಿಯಲ್ಲಿ ತೂರಬೇಕು. ಅನಿವಾರ್ಯವಾದರೆ ಕ್ಲಾರಿನೆಟ್ಟಿನವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಕೂಡಿಯೇ ನುಡಿಸಲಿ. ಅಷ್ಟು ರಾಜಿ ಮಾಡಿಕೊಳ್ಳಬಹುದು.

ಒಡೆದ ಟೇಕಿಗೆ ಹಳೆಯ ಉಪಾಯವೇ ಸಾಕು: ಎರಡು ಟೇಕುಗಳನ್ನು ಕೋರಸ್ಸಿನ ಗಡಿಯಲ್ಲಿ ಕತ್ತರಿಸಿ ಜೋಡಿಸುವುದು. ಎಲ್ಲ ಮೈಕುಗಳನ್ನೂ ಒಂದೇ ಜಾಗದಲ್ಲಿ ಕತ್ತರಿಸಬೇಕು, ಎರಡೂ ಟೇಕಿನ ಟೆಂಪೋ ಅಲ್ಲಿ 1-2 ಬಿಪಿಎಂಗಿಂತ ಹೆಚ್ಚು ಬೇರೆ ಇರಬಾರದು. ಅದಕ್ಕೇ ಪ್ರತಿ ಟೇಕಿನ ಮೊದಲು ಮೆಟ್ರೋನೋಮ್ ನಾಲ್ಕು ಬಾರು ಕೇಳಿ, ಅದನ್ನು ನಿಲ್ಲಿಸಿ, ಆಮೇಲೆ ಎಣಿಸಿ ಶುರು ಮಾಡಿ. ಎಣಿಸುವಾಗ ಕೊನೆಯ 'ನಾಲ್ಕು' ಬಾಯಲ್ಲಿ ಹೇಳಬೇಡಿ. ಆ ಒಂದು ಮಾತ್ರೆಯ ಮೌನ ಕತ್ತರಿಗೆ ಬೇಕು. ಕೊನೆಯ ಸ್ವರ ಸತ್ತ ಮೇಲೆ ಆರು ಸೆಕೆಂಡು ಯಾರೂ ಅಲ್ಲಾಡಬಾರದು. ಹಾಲಿನ ಖಾಲಿ ಸದ್ದನ್ನೂ ಅರ್ಧ ನಿಮಿಷ ಹಿಡಿದಿಡಿ.

ರೀಡ್_ಎರಡೂವರೆ:

ಊದುವ ವಾದ್ಯ, ಶ್ರುತಿ ಮತ್ತು ತಿಂಗಳ ಬಗ್ಗೆ.

ಧನುರ್ಮಾಸವೇ ಸರಿ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ. ಮುಹೂರ್ತ ಇಲ್ಲ, ಹಾಗಾಗಿ ನಿಮ್ಮ ಇಬ್ಬರೂ ಬಿಡುವಾಗಿರುತ್ತಾರೆ. ಅವರನ್ನು ಎರಡು ದಿನ ಹಿಡಿದಿಡುವುದು ಕಷ್ಟ ಎಂಬ ಟ್ರ್ಯಾಕ್_ಬೈ_ಟ್ರ್ಯಾಕ್ ಅವರ ಚಿಂತೆಗೆ ಇದೇ ಉತ್ತರ. ಆಷಾಢದಲ್ಲೂ ಬಿಡುವಿರುತ್ತದೆ, ಆದರೆ ಧಾರವಾಡದ ಆಷಾಢದ ಮಳೆ ಮಾಡಿನ ಮೇಲೆ ಬೀಳುವಾಗ ಬ್ರಷ್ ಕೇಳಿಸುವುದು ಮರೆತುಬಿಡಿ. ಗಣೇಶನ ಹಬ್ಬದ ಹನ್ನೊಂದು ದಿನ ಹುಬ್ಬಳ್ಳಿ-ಧಾರವಾಡದಲ್ಲಿ ಯಾವ ಮೈಕನ್ನೂ ಹೊರಗೆ ತೆಗೆಯಬಾರದು. ಧನುರ್ಮಾಸದ ಒಂದೇ ತಾಪತ್ರಯ ನಸುಕಿನ ಗುಡಿಯ ಲೌಡ್‌ಸ್ಪೀಕರ್; ಹತ್ತು ಗಂಟೆಗೆ ಶುರು ಮಾಡಿದರೆ ಅದೂ ಇಲ್ಲ.

ಆ ತಿಂಗಳಲ್ಲಿ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸ್ವರ ಸುಮಾರು 3 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಏರುತ್ತದೆ. ಊದುವವರ ಉಸಿರೇ ಬೆಚ್ಚಗಿರುವುದರಿಂದ ನಿಜವಾದ ಏರಿಕೆ ಅಷ್ಟಾಗುವುದಿಲ್ಲ, ಆದರೂ ಕಿವಿಗೆ ತಿಳಿಯುತ್ತದೆ. ತಂತಿ ಬಿಸಿಯಾದರೆ ಸಡಿಲಾಗಿ ಇಳಿಯುತ್ತದೆ. ಅಂದರೆ ಮಧ್ಯಾಹ್ನದ ಹೊತ್ತಿಗೆ ಕ್ಲಾರಿನೆಟ್ ಮೇಲೆ, ಗಿಟಾರ್ ಕೆಳಗೆ, ಎರಡೂ ವಿರುದ್ಧ ದಿಕ್ಕಿಗೆ. ಬೆಳಿಗ್ಗೆ ಶ್ರುತಿ ಮಾಡಿದ್ದು ಸಾಲದು, ಪ್ರತಿ ಟ್ಯೂನಿಗೂ ಮುಂಚೆ ನೋಡಬೇಕು. ಇಲ್ಲದಿದ್ದರೆ ಬೆಳಗಿನ ಟೇಕಿಗೂ ಸಂಜೆಯ ಟೇಕಿಗೂ ಕತ್ತರಿ ಹಾಕಲಾಗುವುದಿಲ್ಲ.

ಎ ಸ್ವರ 440 ಹರ್ಟ್ಸ್‌ನಲ್ಲೇ ಇರಬೇಕು ಎಂದು ಹಟ ಬೇಡ. ಊದುವವರು ಕಾಲು ಗಂಟೆ ಊದಿ ವಾದ್ಯ ಬಿಸಿ ಮಾಡಲಿ, ಆಮೇಲೆ ಎಲ್ಲಿ ನಿಲ್ಲುತ್ತಾರೆ ನೋಡಿ. 442ರಲ್ಲಿ ನಿಂತರೆ ಗಿಟಾರ್, ಬಾಸ್ ಎರಡನ್ನೂ 442ಕ್ಕೆ ತನ್ನಿ. ತಂತಿ ತಿರುಗಿಸುವುದು ಸುಲಭ, ಕ್ಲಾರಿನೆಟ್ ಎಳೆಯುವುದು ಕಷ್ಟ: ಬ್ಯಾರಲ್ (ಊದುವ ತುಂಡಿನ ಕೆಳಗಿನ ಗಿಡ್ಡ ಭಾಗ) ಹೆಚ್ಚು ಎಳೆದರೆ ನಡುವಿನ ಗಿಡ್ಡ ಕೊಳವೆಯ ಸ್ವರಗಳು (ಬರೆದ ಜಿ, ಎ, ಬಿ-ಫ್ಲಾಟ್) ಬಹಳ ಇಳಿದು, ಕೆಳಗಿನವು ಅಷ್ಟು ಇಳಿಯುವುದಿಲ್ಲ. 2 ಮಿ.ಮೀ.ಗಿಂತ ಹೆಚ್ಚು ಬೇಕಾದರೆ ನಡುವಿನ ಕೀಲಿನಲ್ಲೂ ಒಂದಿಷ್ಟು ಎಳೆಯಿರಿ. ಇದೇ ಕಾರಣಕ್ಕೆ ಪಿಯಾನೋ ಬೇಡ. ವರ್ಷಗಟ್ಟಲೆ ಶ್ರುತಿ ಕಾಣದ ಪಿಯಾನೋವನ್ನು ಒಮ್ಮೆಲೇ ಮೇಲಕ್ಕೆಳೆದರೆ ನಿಲ್ಲುವುದಿಲ್ಲ, ತಂತಿ ಹರಿಯುವ ಸಾಧ್ಯತೆಯೂ ಉಂಟು. ಸುಮ್ಮನೆ ಇದ್ದರೂ ಅದು ಗುನುಗುತ್ತದೆ: ಮೇಲಿನ ಸಪ್ತಕಗಳ ತಂತಿಗೆ ಡ್ಯಾಂಪರ್ ಇರುವುದಿಲ್ಲ, ಟ್ರಂಪೆಟ್ಟಿಗೆ ದನಿಗೂಡಿಸುತ್ತವೆ. ಮುಚ್ಚಳ ಹಾಕಿ ಮೇಲೊಂದು ಕೌದಿ ಹೊದಿಸಿ. ಸ್ನೇರ್ ಡ್ರಮ್ಮೂ ಹಾಗೇ ಬುಸುಗುಡುತ್ತದೆ, ನಿಧಾನದ ಹಾಡಿನಲ್ಲಿ ಅದರ ತಂತಿ ಕೆಳಗಿಳಿಸಿ.

ಕೀ ಬಗ್ಗೆ: ಕರಿ ನಾಲ್ಕು ಅಂದರೆ ಎ-ಫ್ಲಾಟ್. ಬಿ-ಫ್ಲಾಟ್ ಕ್ಲಾರಿನೆಟ್, ಟ್ರಂಪೆಟ್ಟಿಗೆ ಅದು ಒಂದು ಸ್ವರ ಮೇಲೆ ಬರೆದ ಬಿ-ಫ್ಲಾಟ್, ಎರಡೇ ಫ್ಲಾಟು, ಆರಾಮ. ಕರಿ ಐದು ಅವರಿಗೆ ಸಿ, ಇನ್ನೂ ಆರಾಮ. ನಡುವಿನ ಬಿಳಿ ಆರಕ್ಕೆ ಹೋದಿರೋ, ಅವರ ಹಾಳೆಯಲ್ಲಿ ಐದು ಶಾರ್ಪು! ಗಾಯಕಿಗೆ ಅರ್ಧ ಸ್ವರ ಮೇಲೆ ಬೇಕೆನಿಸಿದರೆ ಒಂದು ಸ್ವರವೇ ಏರಿಸಿ, ಇಲ್ಲ ಅಲ್ಲೇ ಇರಿ. ಅಂದಹಾಗೆ ಕೀ ಆರಿಸುವುದು ಷಡ್ಜ ನೋಡಿ ಅಲ್ಲ, ಆ ಹಾಡಿನ ತುತ್ತತುದಿಯ ಸ್ವರ ಗಾಯಕಿಗೆ ಎಲ್ಲಿ ಬೀಳುತ್ತದೆ ಅನ್ನುವುದನ್ನು ನೋಡಿ. ಸ್ಟ್ಯಾಂಡರ್ಡ್‌ಗಳ ಧಾಟಿ ಷಡ್ಜದ ಕೆಳಗೂ ಸಾಕಷ್ಟು ಓಡಾಡುತ್ತದೆ.

ಬಯಲಲ್ಲಿ ಊದಿದ ಅಭ್ಯಾಸಕ್ಕೆ ರೀಡ್ ಗಟ್ಟಿ ಇರುತ್ತದೆ. ಹಾಲಿಗೆ ಎರಡೂವರೆ ಅಥವಾ ಮೂರು ಸಾಕು. ಚಳಿಗಾಲದ ಒಣಹವೆಗೆ ರೀಡಿನ ತುದಿ ಸುಕ್ಕಾಗುತ್ತದೆ, ನಾಲ್ಕು ರೀಡ್ ಮೊದಲೇ ಪಳಗಿಸಿ ಸರತಿಯಲ್ಲಿ ಬಳಸಿ. ಟ್ರಂಪೆಟ್ಟಿಗೆ ಸ್ಟ್ರೇಟ್ ಮ್ಯೂಟ್ ಹಾಕಿದರೆ ಸ್ವರ ಸಾಮಾನ್ಯವಾಗಿ ಏರುತ್ತದೆ, ಸ್ಲೈಡ್ ಒಂದಿಷ್ಟು ಎಳೆಯಬೇಕು. 'ವಾ-ವಾ' ದನಿಗೆ ಅಂಗಡಿಯ ಮ್ಯೂಟ್ ಬೇಕಿಲ್ಲ. ಕಟ್ಟಿಕೊಂಡ ಕೊಳವೆ ಬಿಡಿಸುವ ರಬ್ಬರ್ ಪ್ಲಂಜರ್ ಕೋಲು ಕಿತ್ತು ಹಿಡಿದರಾಯಿತು, ಹಳಬರು ಬಳಸಿದ್ದೂ ಅದನ್ನೇ. ಟ್ರಂಪೆಟ್ಟಿನ ಬಾಯಿ ಸುಮಾರು 12 ಸೆಂ.ಮೀ., ಅದಕ್ಕೆ ಹೊಂದುವುದನ್ನು ಆರಿಸಿ. (ಹೊಸದು ತಗೊಳ್ಳಿ ಅಂತ ಬೇರೆ ಹೇಳಬೇಕೇ?)

ಹಕ್ಕು_ಬಾಧ್ಯತೆ:

ಭಾರತದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಸಂಗೀತ ರಚನೆಗೆ ರಚನಕಾರರು ತೀರಿದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ. ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ. ಅಮೆರಿಕದ ರಚನಕಾರ ಜಾರ್ಜ್ ಗರ್ಶ್ವಿನ್ 1937ರಲ್ಲಿ ತೀರಿದ್ದು, ಹಾಗಾಗಿ ಅವರ ಸಂಗೀತ ಇಲ್ಲಿ ಎಂದೋ ಮುಕ್ತ. ಆದರೆ ಆ ಹಾಡುಗಳಿಗೆ ಸಾಹಿತ್ಯ ಬರೆದ ಅಣ್ಣ ಐರಾ ತೀರಿದ್ದು 1983ರಲ್ಲಿ, ಅವರ ಸಾಲು 2043ರ ಕೊನೆಯವರೆಗೆ ಮುಕ್ತವಲ್ಲ. ಫ್ಯಾಟ್ಸ್ ವಾಲರ್ 1943, ಮುಕ್ತ. ಡ್ಯೂಕ್ ಎಲಿಂಗ್ಟನ್ 1974, ಅಂದರೆ 2034ರ ಕೊನೆಯವರೆಗೆ ಕಾಯಬೇಕು. ಇಬ್ಬರು ಕೂಡಿ ಸಂಗೀತ ಮಾಡಿದ್ದರೆ ಕೊನೆಗೆ ತೀರಿದವರಿಂದ ಲೆಕ್ಕ.

ಇಲ್ಲಿ ಮುಕ್ತ ಅಂದರೆ ಎಲ್ಲೆಡೆ ಮುಕ್ತ ಅಲ್ಲ. ಯುರೋಪಿನಲ್ಲಿ 70 ವರ್ಷ. ಅಮೆರಿಕದಲ್ಲಿ ಆ ಕಾಲದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷ. 1930ರಲ್ಲಿ ಪ್ರಕಟವಾದವು 2026ರ ಜನವರಿ 1ಕ್ಕೆ ಮುಕ್ತವಾದವು. ಸ್ಟ್ರೀಮಿಂಗಿಗೆ ಹಾಕಿದರೆ ಎಲ್ಲ ದೇಶಕ್ಕೂ ಹೋಗುತ್ತದೆ, ಆದ್ದರಿಂದ ಆರು ಸ್ಟ್ಯಾಂಡರ್ಡ್‌ಗಳನ್ನು ಮೂರೂ ಅಳತೆಗೆ ಹಿಡಿದು ನೋಡಿ ಆರಿಸಿದರೆ ತಲೆನೋವು ಕಡಿಮೆ. ಮುಕ್ತವಲ್ಲದ್ದಕ್ಕೆ ಕಾಯ್ದೆಯ 31ಸಿ ಕಲಂ ಇದೆ, ಮೊದಲ ರೆಕಾರ್ಡಿಂಗಿನ ವರ್ಷ ಮುಗಿದು ಐದು ವರ್ಷವಾದ ಮೇಲೆ ಕವರ್ ಮಾಡಲು ಅವಕಾಶ. ಆದರೆ ಮೊದಲೇ ನೋಟಿಸ್ ಕೊಡಬೇಕು, ಕನಿಷ್ಠ 50,000 ಪ್ರತಿಯ ರಾಯಲ್ಟಿ ಮುಂಗಡ ಕಟ್ಟಬೇಕು. ಸಣ್ಣ ಬ್ಯಾಂಡಿಗೆ ಅದು ಭಾರ. ಐಪಿಆರ್‌ಎಸ್ (ಸಂಗೀತದ ಹಕ್ಕು ನೋಡಿಕೊಳ್ಳುವ ಸಂಘ) ಅಥವಾ ಪ್ರಕಾಶಕರಿಂದ ಲಿಖಿತ ಅನುಮತಿ ಪಡೆಯುವುದೇ ನೇರ ದಾರಿ.

ಕನ್ನಡ ಸಾಹಿತ್ಯದಲ್ಲಿ ಎರಡು ಗುಂಡಿಗಳಿವೆ. ಇಂಗ್ಲಿಷ್ ಹಾಡಿನ ಅನುವಾದವಾದರೆ ಮೂಲ ಸಾಹಿತ್ಯದ ಹಕ್ಕುದಾರರ ಒಪ್ಪಿಗೆ ಬೇಕು, ಸಂಗೀತ ಮುಕ್ತವಿದ್ದರೂ. ಕವಿತೆ ಹಾಕುವುದಾದರೆ, ಧಾರವಾಡ ಅಂದ ಕೂಡಲೇ ಎಲ್ಲರಿಗೂ ಬೇಂದ್ರೆ ನೆನಪಾಗುತ್ತಾರೆ. ಅವರು ತೀರಿದ್ದು 1981ರಲ್ಲಿ, 2041ರ ಕೊನೆಯವರೆಗೆ ವಾರಸುದಾರರ ಒಪ್ಪಿಗೆ ಬೇಕೇ ಬೇಕು. ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರು ತೀರಿದ್ದು 1889ರಲ್ಲಿ, ತತ್ವಪದಗಳ ಸಾಲು ಮುಕ್ತ. ಆದರೆ ಜನರ ನಾಲಿಗೆ ಮೇಲಿರುವ ಹಲವು ಧಾಟಿಗಳು ಸಿ. ಅಶ್ವತ್ಥ್ ಸಂಯೋಜಿಸಿದವು. ಅವರು ತೀರಿದ್ದು 2009ರಲ್ಲಿ, ಆ ಧಾಟಿಯ ನೆರಳೂ ಬೀಳದಂತೆ ಹೊಸದು ಕಟ್ಟಿ.

ನಾಲ್ಕೇಟು_ಧಾರವಾಡ:

ಎಲ್ಲರಿಗೂ ಧನ್ಯವಾದ. ಎರಡು ಮಾತು ಉಳಿದವು. ಬಾಸ್ ಗಿಟಾರಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮತ್ತೆ, ಗಾಯಕಿ ರೆಕಾರ್ಡಿಂಗ್ ಹೊತ್ತಿಗೆ ಸುಮ್ಮನೆ ಗೈಡ್ (ಉಳಿದವರಿಗೆ ದಾರಿ ತೋರಿಸಲಷ್ಟೇ) ಹಾಡಿ, ಆಮೇಲೆ ಸಾವಕಾಶ ಡಬ್ ಮಾಡಬಹುದೇ?

ಕೌದಿ_ಅಕೌಸ್ಟಿಕ್ಸ್:

ಒಂದ ಹಾಲಿನ್ಯಾಗ ಗೈಡ್ ಹಾಡಿದ್ರ ಆ ದನಿ ಎಂಟೂ ಮೈಕಿನ್ಯಾಗ ಕೂತಬಿಡತದ. ಆಮ್ಯಾಲ ಹೊಸದಾಗಿ ಹಾಡಿದ್ದರ ಹಿಂದ ಹಳೇ ದನಿ ದೆವ್ವದಂಗ ಕೇಳತದ, ತೆಗಿಯಾಕ ಬರೂದಿಲ್ಲ. ಒಂದೋ ಗಾಯಕಿ ಬ್ಯಾರೆ ಖೋಲಿಯೊಳಗ ಹೆಡ್‌ಫೋನ್ ಹಾಕ್ಕೊಂಡು ಹಾಡಬೇಕು, ಇಲ್ಲಾ ಹಾಲಿನ್ಯಾಗ ಹಾಡಿದ್ದನ್ನ ಕೊನೇದು ಅಂತ ಹಾಡಬೇಕು. ನನ್ನ ಕೇಳಿದ್ರ ಎರಡನೇದು.

ಬಾಸ್ ಗಿಟಾರು ನಡೀತದ, ಆದ್ರ ಅದರ ಉದ್ದನ ದನಿ ಕತ್ತರಿಸಬೇಕು. ಡಬಲ್ ಬಾಸಿನ ಸ್ವರ ಮೀಟಿದ ಕೂಡ್ಲೇ ಉಬ್ಬಿ ಇಳೀತದ. ಬಾಸ್ ಗಿಟಾರಿಂದು ಗಂಟೆ ಹೊಡದಂಗ ನಿಂತ ಬಿಡತದ, ಮುಂದಿನ ಸ್ವರದ ಮ್ಯಾಲ ಬಿದ್ದು ನಡಿಗಿ ಕೆಸರಾಗತದ. ಫ್ಲಾಟ್‌ವೌಂಡ್ ತಂತಿ ಹಾಕ್ರಿ, ಬ್ರಿಜ್ಜಿನ ಹತ್ತರ ತಂತಿ ಕೆಳಗ ಎರಡು ಬಟ್ಟು ಅಗಲದ ಸ್ಪಂಜು ತುರುಕ್ರಿ, ಕುತ್ತಿಗಿ ಮುಗಿಯೂ ಕಡೆ ಹೆಬ್ಬಟ್ಟಿನ ಮಾಂಸದಿಂದ ಮೀಟ್ರಿ. ಲೈನ್ (ಬಾಸಿನಿಂದ ನೇರ ಕೇಬಲ್ಲಿನ್ಯಾಗ) ಹಿಡದ್ರೂ ಸಣ್ಣ ಆಂಪ್ ಹಾಲಿನ್ಯಾಗ ಇರಲೇಬೇಕು, ಇಲ್ಲಾಂದ್ರ ಉಳಿದವರಿಗಿ ಬಾಸ್ ಕೇಳೂದ ಇಲ್ಲ. ಕುರ್ಚಿ ಮ್ಯಾಲ ಇಡ್ರಿ, ನೆಲಕ್ಕ ಇಟ್ರ ಗುಂಯ್ಗುಡತದ. ಮೈಕಿನ ಜೋಡಿ ಎರಡು ಮೀಟರ್ ದೂರ ಇರೂದರಿಂದ ಆಂಪಿನ ಸದ್ದು ಅಲ್ಲಿಗೆ 6 ಮಿಲಿಸೆಕೆಂಡ್ ತಡಾ ಮುಟ್ಟತದ, ಲೈನ್ ಟ್ರ್ಯಾಕನ್ನ ಅಷ್ಟ ತಡಾ ಆಗೂವಂಗ ಸರಿಸಿ ಕೂಡಿಸ್ರಿ. ಸರಿಸದ ಕೂಡಿಸಿದ್ರ ಕೆಲವು ಸ್ವರ ದಪ್ಪ, ಕೆಲವು ಸಪ್ಪಗ.

ರೆಕಾರ್ಡಿಂಗ್ ಮುಂಜಾನೆ ಮೊದಲ ಕೆಲಸ: ಬಾಸಿನವರು ಕೆಳಗಿಂದ ಮ್ಯಾಲಿನ ತನಕ ಒಂದೊಂದ ಸ್ವರ ನಿಧಾನ ಬಾರಸಲಿ, ಒಬ್ಬರು ಹಾಲ್ ತುಂಬ ತಿರುಗಿ ಏನೇನು ನಡುಗತದ ಕೇಳಲಿ. ಕಿಡಕಿ ಗಾಜು, ಟ್ಯೂಬ್‌ಲೈಟಿನ ಪಟ್ಟಿ, ಬಾಗಿಲ ಚಿಲಕ, ಒಂದೊಂದಕ್ಕೂ ಕಾಗದ ಮಡಚಿ ತುರುಕ್ರಿ. ಫ್ಯಾನು, ಟ್ಯೂಬ್‌ಲೈಟು ಎರಡೂ ಬಂದ್. ಕರೆಂಟು ಹೋದ್ರ ಅಂತ ಮನಿ ಇನ್ವರ್ಟರ್ ತಂದು ಹಚ್ಚತೀರಿ. ಅಗ್ಗದ ಇನ್ವರ್ಟರಿನ ಚೌಕ ಅಲಿ ಗಿಟಾರಿನ ಮೈಕಿನ್ಯಾಗ ಜೇನಿನ ಗೂಡಿನಂಗ ಕೇಳತದ. ಶುದ್ಧ ಸೈನ್ ವೇವ್ ಯುಪಿಎಸ್ಸ ಬೇಕು, ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ.

ದಿನಕ್ಕ ಐದು ಟ್ಯೂನು, ಒಂದೊಂದಕ್ಕ ಮೂರು ಟೇಕು, ಅದಕ್ಕಿಂತ ಹೆಚ್ಚಿಗಿ ಬ್ಯಾಡ. ಟ್ರಂಪೆಟ್ ಮ್ಯಾಲಿನ ಸ್ವರಕ್ಕ ಏರೂ ಟ್ಯೂನು ಊಟಕ್ಕ ಮೊದಲ ಮುಗಿಸ್ರಿ. ತುಟಿ ಒಮ್ಮಿ ಸೋತಿತಂದ್ರ ಅವತ್ತಿಗಿ ಅದು ವಾಪಸ್ ಬರೂದಿಲ್ಲ. ಹಾಡಿದ್ದು, ಬ್ರಷ್ ಬಾರಿಸಿದ್ದು ಮಧ್ಯಾಹ್ನ ಮ್ಯಾಲ. ಲೆವೆಲ್ ನೋಡೂವಾಗ ಎಲ್ಲಾರೂ ಮೆತ್ತಗ ಬಾರಸ್ತಾರ, ಟೇಕ್ ಶುರು ಆದ್ರ ಟ್ರಂಪೆಟ್ 6 ಡಿಬಿ ಏರತದ. ಅದಕ್ಕ ಅತೀ ಜೋರಿನ ಜಾಗಾದಾಗ ಮೀಟರ್ ಮೈನಸ್ 12 ಡಿಬಿಗಿ ನಿಲ್ಲೂವಂಗ ಇಡ್ರಿ. ಮಿಕ್ಸಿನ್ಯಾಗ ಜೋಡಿ ಮೈಕು ಮೊದಲು ಏರಿಸಿ, ಉಳಿದದ್ದು ಎಲ್ಲಿ ಕಡಿಮಿ ಬಿದ್ದದ ಅಲ್ಲಷ್ಟ ಸೇರಿಸ್ರಿ. ಕಂಪ್ರೆಸರ್ ಹಚ್ಚಿ ಗಟ್ಟಿ ಮಾಡೂ ಹಟ ಬ್ಯಾಡ. ಸ್ಟ್ರೀಮಿಂಗಿನವರು ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ಹಾಡಿನ ಸರಾಸರಿ ಸದ್ದಿನ ಅಳತಿ) ಆಜೂಬಾಜೂ ತಾವ ಇಳಸ್ತಾರ.

48 ಕಿಲೋಹರ್ಟ್ಸ್, 24 ಬಿಟ್ಟಿನ್ಯಾಗ ಎಂಟು ಟ್ರ್ಯಾಕಿಗಿ ತಾಸಿಗೆ 4 ಜಿಬಿ ಚಿಲ್ಲರೆ ಆಗತದ, ಎರಡು ದಿನಕ್ಕ 35ರ ಒಳಗ. ಊಟದ ಹೊತ್ತಿಗೊಮ್ಮೆ, ಸಂಜಿಗೊಮ್ಮೆ ಎರಡು ಡಿಸ್ಕಿಗಿ ಕಾಪಿ ತಗೀರಿ. ಆ ಎರಡೂ ಒಂದ ಚೀಲದಾಗ ಹೋಗಬಾರದು.